ಮರುಮಾತು

"ಈಗ ಒತ್ತಿ ನೋಡಿ ಅಪ್ಪ," ಎಂದು ಗಾನಶ್ರೀ ಲ್ಯಾಪ್‌ಟಾಪನ್ನು ಮುರಳಿಕೃಷ್ಣರ ಕಡೆಗೆ ತಿರುಗಿಸಿದಳು.

ಅವರು 'ಬಾ' ಎಂದು ಬರೆದು ಓದುವ ಗುಂಡಿ ಒತ್ತಿದರು. ಬೆರಳು ಎತ್ತುವಷ್ಟರಲ್ಲಿ, ಅದೇ ಮೀಟಿಂಗಿಗೆ ಸೇರಿಸಿಟ್ಟಿದ್ದ ಮಗಳ ಮೊಬೈಲು 'ಬಾ' ಎಂದಿತು.

"ನೋಡಿ, ತಡವೇ ಇಲ್ಲ. ಮೊದಲು ನೀವು ಬರೆದದ್ದನ್ನು ಓದುವ ಸ್ವರ ಸ್ಪೀಕರಿಂದ ಹೊರಗೆ ಬಂದು, ಪುನಃ ಮೈಕಿಂದ ಒಳಗೆ ಹೋಗ್ತಾ ಇತ್ತು. ಹೊಸ ಡ್ರೈವರ್ ಸಾಫ್ಟ್‌ವೇರ್ ಹಾಕಿದ್ದೇನೆ, ಈಗ ಒಳಗಿಂದೊಳಗೆ ಸೀದಾ ಮೀಟಿಂಗಿಗೆ ಹೋಗ್ತದೆ. ಇನ್ನು ಎಂತದೂ ತೊಂದರೆ ಇಲ್ಲ."

ಮುರಳಿಕೃಷ್ಣರು ನಕ್ಕರು. ನಗುವಿಗೂ ಸದ್ದಿರಲಿಲ್ಲ. ಸವಣೂರಿನಿಂದ ಸಂಪಾಜೆಯವರೆಗೆ ಯಕ್ಷಗಾನ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ಎಂದು ಹೆಸರು ಮಾಡಿದವರು ಅವರು. ತಾಳಮದ್ದಳೆಗೆ ವೇಷ ಬೇಡ, ಕುಣಿತ ಬೇಡ. ಕುಳಿತಲ್ಲಿಂದ ಆಡುವ ಮಾತೇ ಸರ್ವಸ್ವ. ಅದೂ ಬಾಯಿಪಾಠದ ಮಾತಲ್ಲ, ಎದುರಿನವರು ಎಸೆದದ್ದಕ್ಕೆ ಅಲ್ಲಿಂದಲ್ಲಿಗೇ ಹುಟ್ಟಬೇಕಾದದ್ದು. ಅಂಥ ಗಂಟಲನ್ನು ಹೋದ ವರ್ಷ ಮಂಗಳೂರಿನಲ್ಲಿ ಕೊಯ್ದು ತೆಗೆದಿದ್ದರು. ಕುತ್ತಿಗೆಯಲ್ಲಿ ಉಸಿರಿಗೊಂದು ತೂತು, ಅದರ ಮೇಲೆ ಹೆಂಡತಿ ಹೊಲಿದ ಬಿಳಿ ಬಟ್ಟೆಯ ತುಂಡು. ಭಾನುವಾರದ ಆನ್‌ಲೈನ್ ಕೂಟ ಒಂದೇ ಅವರಿಗೆ ಉಳಿದ ಆಸೆ. ಕಳೆದ ವಾರ ಅಲ್ಲಿ ಉತ್ತರಗಳೆಲ್ಲ ತಡವಾಗಿ ಮರ್ಯಾದೆ ಹೋಗಿತ್ತು. ತಪ್ಪೆಲ್ಲ ಯಂತ್ರದ್ದೆಂದು ಮಗಳಿಗೆ ಬರೆದು ಬರೆದು ತೋರಿಸಿದ್ದರು. ಪುತ್ತೂರಿನ ಸ್ಟುಡಿಯೊದಲ್ಲಿ ಮದುವೆ ವಿಡಿಯೊ ಜೋಡಿಸುವ ಗಾನಶ್ರೀಗೆ ಇದು ದೊಡ್ಡ ಕೆಲಸವಾಗಿರಲಿಲ್ಲ.

ಸಂಜೆ ಕೂಟ ಶುರುವಾಯಿತು. ಮುರಳಿಕೃಷ್ಣರದ್ದು ಅರಸ, ಸಂಪಾಜೆಯ ಶ್ಯಾಮ ಭಟ್ಟರದ್ದು ರಾಜ್ಯದ ಪಾಲು ಕೇಳಲು ಬಂದ ದೂತ. ಶ್ಯಾಮ ಭಟ್ಟರೆಂದರೆ ಎದುರಾಳಿಗೆ ಉಸಿರಾಡಲು ಪುರುಸೊತ್ತು ಕೊಡದ ಆಸಾಮಿ. ಇಬ್ಬರೂ ಇಷ್ಟು ವರ್ಷ ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಸಿದುಕೊಂಡೇ ಬದುಕಿದವರು. ಒಮ್ಮೆಯಂತೂ ಊಟದ ಪಂಕ್ತಿಯಲ್ಲೂ ವಾದ ನಿಲ್ಲದೆ, ಪಾಯಸ ಬಡಿಸುವವನು ಸೌಟು ಹಿಡಿದು ನಿಂತೇ ಇದ್ದ.

"ಅರಸ, ಕೊಡುವ ಮನಸ್ಸಿಲ್ಲದವನು ನನಗೆ ಆಸನ ಕೊಟ್ಟದ್ದೇಕೆ?" ಶ್ಯಾಮ ಭಟ್ಟರು ಕೇಳಿದರು.

ಉತ್ತರ ಮುರಳಿಕೃಷ್ಣರ ತಲೆಯಲ್ಲಿ ಆ ಕ್ಷಣವೇ ಎದ್ದು ನಿಂತಿತು. ಬೆರಳುಗಳು ಅಕ್ಷರ ಹುಡುಕತೊಡಗಿದವು. ಒತ್ತಕ್ಷರ ತಪ್ಪಿತು, ಅಳಿಸಿದರು, ಮತ್ತೆ ಒತ್ತಿದರು. ಪರದೆಯ ಮೇಲಿನವರೆಲ್ಲ ಕಾದರು. ಕೊನೆಗೆ ಯಂತ್ರ, ಬಸ್ ನಿಲ್ದಾಣದಲ್ಲಿ ಊರಿನ ಹೆಸರು ಕೂಗುವ ಸ್ವರದಲ್ಲಿ ಓದಿತು: "ಇಲ್ಲವೆಂದಾಗ ನೀನು ಬಿದ್ದುಹೋಗಬಾರದಲ್ಲ, ಅದಕ್ಕೆ."

"ಭಲೇ!" ಎಂದರು ಶ್ಯಾಮ ಭಟ್ಟರು. ಎದುರಾಳಿಗೆ ಭಲೇ ಎಂದು ಹೇಳಿ ಗೊತ್ತಿದ್ದ ಮನುಷ್ಯನೇ ಅಲ್ಲ ಅವರು. ಮುಂದಿನ ಮಾತಿಗೂ ಕಾದರು. ಅದರ ಮುಂದಿನದಕ್ಕೆ ಮುರಳಿಕೃಷ್ಣರ ಬೆರಳು ತಪ್ಪಿ ಗುಂಡಿ ಒತ್ತಿ, ಅರ್ಧ ವಾಕ್ಯವೇ ಕೂಟಕ್ಕೆ ಹೋಗಿಬಿಟ್ಟಿತು. ಹಿಂದೆಯಾಗಿದ್ದರೆ ಶ್ಯಾಮ ಭಟ್ಟರು ಹಾರಿ ಬೀಳುತ್ತಿದ್ದ ಜಾಗ. ಈಗ ಕೈಕಟ್ಟಿ ಕುಳಿತು, ತಲೆಯಾಡಿಸಿ, "ನಿಧಾನ ಆಗ್ಲಿ ಮುರಳಿ, ಅರ್ಜೆಂಟ್ ಎಂತ ಉಂಟು ಮಾರಾಯ" ಎಂದರು.

ಅರಸನಿಗೆ ಹೇಳಿದ ಮಾತಲ್ಲ ಅದು, ರೋಗಿಗೆ ಹೇಳಿದ್ದು. ಮುರಳಿಕೃಷ್ಣರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಬೈದಿದ್ದರೆ, ಗೇಲಿ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಈ ಕರುಣೆಯನ್ನು ಎಲ್ಲಿಡುವುದು? ಕೀಲಿಗಳಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

ಒಳಗೆ ಮೊಬೈಲಿನಲ್ಲಿ ಕೇಳುತ್ತಿದ್ದ ಗಾನಶ್ರೀ ಓಡಿಬಂದಳು. "ಎಂತಾಯ್ತು ಅಪ್ಪ? ಪುನಃ ತಡ ಆಗ್ತಾ ಉಂಟಾ?" ಎಂದು ಪಿಸುಗುಟ್ಟಿ, ಬಗ್ಗಿ ಸೆಟ್ಟಿಂಗ್ಸ್ ತೆರೆದು ನೋಡಿದಳು. "ಎಲ್ಲ ಸರಿ ಉಂಟಲ್ಲ. ಮತ್ತೆ ತಡ ಎಲ್ಲಿಂದ ಬರುದು?"

ಕೇಳಿದ ಮೇಲೆ ಅವಳಿಗೇ ಹೊಳೆಯಿತು. ಅವಳ ಕಣ್ಣು ಅಪ್ಪನ ಬೆರಳುಗಳ ಕಡೆಗೆ ಹೋಗಿ, ಅಲ್ಲಿಂದ ಬೇರೆಲ್ಲೋ ಸರಿಯಿತು.

ಮುರಳಿಕೃಷ್ಣರು ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡರು. ಮಗಳಿಗೆ ತೋರಿಸಲೆಂದು ಒಂದೊಂದೇ ಅಕ್ಷರ ಒತ್ತಿದರು. ಮಗಳು ಕಾದಳು. ಪರದೆಯಲ್ಲಿ ಶ್ಯಾಮ ಭಟ್ಟರೂ ಕಾದರು. ಬರೆದು ಮುಗಿಸಿದವರು ಅಭ್ಯಾಸದಂತೆ ಓದುವ ಗುಂಡಿಯನ್ನೇ ಒತ್ತಿಬಿಟ್ಟರು. ಮಾತು ಒಂದಿಷ್ಟೂ ತಡೆಯಿಲ್ಲದೆ ಇಡೀ ಕೂಟಕ್ಕೆ ಕೇಳಿಸಿತು:

"ಹಳೆಯದನ್ನೇ ಹಾಕು ಮಗಳೇ. ತಡ ಯಂತ್ರದ್ದೇ ಇರಲಿ."

ಶ್ಯಾಮ ಭಟ್ಟರು ಹೆಗಲ ಶಾಲನ್ನು ತೆಗೆದು, ತಲೆ ತಗ್ಗಿಸಿ, ಮಡಚತೊಡಗಿದರು.