ರಿಬ್ಬನ್ ಅದಲುಬದಲಾದ ವರ್ಷ

"ಇದರಲ್ಲಿ ತೀರ್ಪುಗಾರರದ್ದು ಯಾವುದು, ಸಹಾಯಕರದ್ದು ಯಾವುದು? ಹೇಳಪ್ಪ ನೋಡೋಣ," ಎಂದು ಮಗಳು ಲ್ಯಾಪ್‌ಟಾಪನ್ನು ಅಪ್ಪನ ಕಡೆ ತಿರುಗಿಸಿದಳು.

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಪರದೆಯ ಮೇಲೆ ಎರಡು ಕಾರ್ಡುಗಳಿದ್ದವು. ಮೇಲೆ ಫೋಟೊ, ನಡುವೆ ಹೆಸರು, ಕೆಳಗೆ ದಪ್ಪನೆಯ ಬಣ್ಣದ ಪಟ್ಟಿ.

"ತುಂಬ ಚೆನ್ನಾಗಿದೆ," ಎಂದರು.

"ಚೆನ್ನಾಗಿದೆಯಾ ಅಂತ ನಾನೆಲ್ಲಿ ಕೇಳಿದೆ? ಯಾವುದು ಯಾರದ್ದು ಹೇಳು. ನಿಮ್ಮ ಕಾಲದ ರಿಬ್ಬನ್ ಬಣ್ಣಾನೇ ಇಟ್ಟಿದ್ದೀನಿ. ಕೆಂಪು ತೀರ್ಪುಗಾರರಿಗೆ, ಹಸಿರು ಸಹಾಯಕರಿಗೆ."

"ಅಯ್ಯೋ, ಮಾತ್ರೆ ತಗೊಳ್ಳೋದು ಮರೆತೇ ಹೋಯ್ತು," ಎನ್ನುತ್ತ ಅಪ್ಪ ಎದ್ದು ಒಳಗೆ ಹೋದರು.

ಸಮ್ಮೇಳನ, ಕ್ರೀಡಾಕೂಟಗಳನ್ನು ನಡೆಸುವವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯೊಂದರಲ್ಲಿ ಅವಳ ನೌಕರಿ. ಯಾರು ಯಾವ ಬಾಗಿಲಿನಿಂದ ಒಳಗೆ ಹೋಗಬಹುದು, ಅದಕ್ಕೆ ಒಪ್ಪಿಗೆ ಕೊಡುವವರು ಯಾರು, ಒಪ್ಪಿಗೆ ಸಿಕ್ಕ ಮೇಲೆ ಅವರ ಕಾರ್ಡು ಹೇಗಿರಬೇಕು, ಇದನ್ನೆಲ್ಲ ರೂಪಿಸುವ ಕೆಲಸ ಈ ಸಲ ಅವಳ ಪಾಲಿಗೆ ಬಂದಿತ್ತು. ಆಫೀಸಿನಲ್ಲಿ ಇದಕ್ಕೆ ಅಕ್ರೆಡಿಟೇಶನ್ ಎನ್ನುತ್ತಿದ್ದರು. ಅದನ್ನು ಮೊದಲು ಬಳಸಲು ಒಪ್ಪಿದ್ದು ಒಂದು ಕಾಲದಲ್ಲಿ ಅಪ್ಪನೇ ಕಾರ್ಯದರ್ಶಿಯಾಗಿದ್ದ ಕ್ರೀಡಾ ಸಂಘ. ಹಾಗಾಗಿ ಅವಳ ಉತ್ಸಾಹಕ್ಕೆ ಮಿತಿಯೇ ಇರಲಿಲ್ಲ.

ಅವಳ ಬಾಲ್ಯದಲ್ಲಿ ಈ ಅಕ್ರೆಡಿಟೇಶನ್ ನಡೆಯುತ್ತಿದ್ದದ್ದು ಮನೆಯ ನಡುಕೋಣೆಯಲ್ಲಿ. ಕ್ರೀಡಾಕೂಟ ಹತ್ತಿರ ಬಂತೆಂದರೆ ಸ್ಯಾಟಿನ್ ರಿಬ್ಬನ್ನಿನ ಸುರುಳಿಗಳು ಬರುತ್ತಿದ್ದವು. ಅಮ್ಮ ಕತ್ತರಿಸುವುದು, ಎಳೆ ಬಿಚ್ಚಿಕೊಳ್ಳದ ಹಾಗೆ ತುದಿಯನ್ನು ಮೇಣದಬತ್ತಿಗೆ ತೋರಿಸುವುದು. ಅಪ್ಪ ತುಟಿಯ ನಡುವೆ ಪಿನ್ನು ಕಚ್ಚಿಕೊಂಡೇ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದರು. ಏನು ಹೇಳುತ್ತಿದ್ದಾರೆಂದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಸುಟ್ಟ ರಿಬ್ಬನ್ನಿನ ಆ ವಾಸನೆ ನೆನಪಾದರೆ ಈಗಲೂ ಅವಳಿಗೆ ಮರುದಿನ ಶಾಲೆಗೆ ರಜವೇನೋ ಅನ್ನಿಸುತ್ತಿತ್ತು. ಎಂಥ ದಿನಗಳು ಅವು! ಉಳಿದ ತುಂಡುಗಳನ್ನೆಲ್ಲ ಜಡೆಗೆ ಕಟ್ಟಿಕೊಂಡು ಮೈದಾನದ ತುಂಬ ಮೆರೆಯುತ್ತಿದ್ದಳು.

ಎಲ್ಲ ಮುಗಿದದ್ದು ರಿಬ್ಬನ್ ಅದಲುಬದಲಾದ ವರ್ಷ. ಅಮ್ಮ ತನ್ನ ತಂಗಿಯ ಹೆರಿಗೆಗೆಂದು ಊರಿಗೆ ಹೋಗಿದ್ದಳು. ಅಪ್ಪ ಒಬ್ಬರೇ ಕೂತು ಎಲ್ಲವನ್ನೂ ಕತ್ತರಿಸಿ, ಪಿನ್ನು ಚುಚ್ಚಿ ಹಂಚಿದರು. ತೀರ್ಪುಗಾರರಿಗೆ ಹಸಿರು ಹೋಯಿತು, ಸಹಾಯಕರಿಗೆ ಕೆಂಪು. ಗೇಟಿನವರು ರಿಬ್ಬನ್ ನೋಡಿ ಕಳಿಸುವವರೇ ಹೊರತು ಮುಖ ನೋಡುವವರಲ್ಲ. ನೀರು ಹೊರುವವರು ನೆರಳಿನ ಕುರ್ಚಿಗಳಲ್ಲಿ ಗಡಿಯಾರ ಹಿಡಿದು ಕೂತರು. ಅದೇ ಮೊದಲ ಸಲ ತೀರ್ಪುಗಾರನಾಗಿದ್ದ ತರುಣನೊಬ್ಬ ಅಡುಗೆಯವರ ಕೈಗೆ ಸಿಕ್ಕಿ ಮಧ್ಯಾಹ್ನದವರೆಗೆ ಈರುಳ್ಳಿ ಹೆಚ್ಚಿದ. ಬಂಧುಬಳಗ ಸೇರಿದಾಗಲೆಲ್ಲ ಈ ಕಥೆ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ದೂರದ ಓಟದ ಫಲಿತಾಂಶ ರದ್ದಾಗಿ, ಮೊದಲು ಬಂದ ಹುಡುಗಿ ಗೆರೆಯ ಪಕ್ಕದಲ್ಲೇ ಕೂತು ಅತ್ತದ್ದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಅಪ್ಪ "ಗಮನ ಕೊಡಲಿಲ್ಲ, ನಂದೇ ತಪ್ಪು" ಎಂದು ರಾಜೀನಾಮೆ ಕೊಟ್ಟರು. ಆಮೇಲೆ ಮೈದಾನದ ಕಡೆ ತಲೆ ಹಾಕಿಯೂ ಮಲಗಲಿಲ್ಲ. ವರ್ಷವರ್ಷವೂ ಕರೆಯೋಲೆ ಬರುತ್ತಿತ್ತು, ವರ್ಷವರ್ಷವೂ ಅಪ್ಪನಿಗೆ ಸರಿಯಾಗಿ ಆ ವಾರವೇ ಮೊಣಕಾಲು ನೋವು ಬರುತ್ತಿತ್ತು. ಈ ಸಲವಾದರೂ, ತಾನು ಮಾಡಿದ ಕಾರ್ಡು ನೋಡಲಿಕ್ಕಾದರೂ ಬಂದಾರು ಎಂಬ ಆಸೆ ಮಗಳಿಗೆ.

"ಅವರನ್ನ ಬಣ್ಣ ಕೇಳಬೇಡ ಕಣೇ," ಎಂದಳು ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮ, ದನಿ ತಗ್ಗಿಸಿ. "ಅವರಿಗೆ ಕೆಂಪೂ ಹಸಿರೂ ಎರಡೂ ಒಂದೇ. ಮದುವೆಯಾದ ಹೊಸದರಲ್ಲೇ ನನಗೆ ಗೊತ್ತಾಯ್ತು. ಅದಕ್ಕೇ ಪ್ರತಿವರ್ಷ ನಾನೇ ಬೇರೆ ಬೇರೆ ಡಬ್ಬಿಗೆ ಹಾಕಿ ಕೊಡ್ತಿದ್ದೆ."

ಮಗಳು ಬಾಯಿಬಿಟ್ಟುಕೊಂಡು ನೋಡಿದಳು. "ಮತ್ತೆ ಯಾಕೆ ಹೇಳಲಿಲ್ಲ?"

"ಮೈಮರೆತೆ ಅಂದರೆ ಜನ ಬೈದು ಸುಮ್ಮನಾಗ್ತಾರೆ, ಕಣ್ಣೇ ಸರಿ ಇಲ್ಲ ಅಂದರೆ ಇನ್ನು ಯಾವ ಕೆಲಸಕ್ಕೂ ನಂಬಲ್ಲ ಅಂದರು. ಕಡೆಗೆ ತಾವೇ ಬಿಟ್ಟು ಕೂತರು. ಎಷ್ಟು ಹೇಳಿದರೂ ಕೇಳಲಿಲ್ಲ, ಮಹರಾಯರು."

ಮಗಳು ಲ್ಯಾಪ್‌ಟಾಪ್ ಮುಚ್ಚಿದಳು. ಈರುಳ್ಳಿಯ ಕಥೆಯನ್ನು ಅಪ್ಪನ ಎದುರಿಗೇ ಅದೆಷ್ಟು ಸಲ ಅಭಿನಯಿಸಿ ತೋರಿಸಿದ್ದಳೋ! ಅಪ್ಪನೂ ಎಲ್ಲರ ಜೊತೆ ನಗುತ್ತಿದ್ದರು.

ಮರುದಿನ ಆಫೀಸಿನಲ್ಲಿ ಬಣ್ಣದ ಜೊತೆಗೆ ಆಕಾರವೂ ಇರಬೇಕೆಂದು ಪಟ್ಟು ಹಿಡಿದಳು. ತೀರ್ಪುಗಾರರಿಗೆ ದೊಡ್ಡ ತ್ರಿಕೋನ, ಸಹಾಯಕರಿಗೆ ವೃತ್ತ, ಆಟಗಾರರಿಗೆ ಅಡ್ಡಪಟ್ಟೆ. ಅವಳ ಮೇಲಧಿಕಾರಿಗೆ ‘ಆಮೇಲೆ’ ಎಂದೇ ಅಡ್ಡಹೆಸರು.

"ಒಳ್ಳೇದೇ, ಆದರೆ ಆಮೇಲೆ ನೋಡೋಣ," ಎಂದ ಆತ. "ಈಗ ಬಣ್ಣ ಸಾಕು. ಇದನ್ನ ಕೇಳಿದವರಾದರೂ ಯಾರು?"

"ಕೇಳೋಕೆ ನಾಚಿಕೆಪಡೋರು," ಎಂದಳು ಮಗಳು. "ಆಮೇಲೆ ಅಂದರೆ ಆಗಲ್ಲ. ಇದಿಲ್ಲದೆ ನಾನು ಕಾರ್ಡು ಕೊಡೋದೂ ಇಲ್ಲ." ಹಿಂದೆ ಕೂತವರು ಮುಸಿಮುಸಿ ನಕ್ಕರು. ‘ಆಮೇಲೆ’ ಅವಳ ಮುಖ ನೋಡಿ, ಗೊಣಗುತ್ತಲೇ ಹೂಂ ಎಂದ.

ಶುಕ್ರವಾರ ಸಂಜೆ ಸಂಘದ ಈಗಿನ ಕಾರ್ಯದರ್ಶಿ ಮಾದರಿ ಕಾರ್ಡುಗಳನ್ನು ನೋಡಲು ಮನೆಗೇ ಬಂದರು. ಹಿಂದೆ ಈರುಳ್ಳಿ ಹೆಚ್ಚಿದ್ದ ತರುಣ ಇವರೇ. ಈಗ ತಲೆಯ ಮೇಲೆ ಕೂದಲಿಲ್ಲ. ಮಗಳು ಕಾರ್ಡುಗಳನ್ನೆಲ್ಲ ಕಲಸಿ ಮೇಜಿನ ಮೇಲೆ ಹರಡಿದ್ದಳು. ಅಪ್ಪ ಬೇಡಬೇಡವೆನ್ನುತ್ತಲೇ ಕುರ್ಚಿ ಎಳೆದುಕೊಂಡು ಕೂತರು. ಒಂದೊಂದೇ ಎತ್ತಿ ನೋಡುತ್ತ, ತ್ರಿಕೋನ ಒಂದು ಕಡೆ, ವೃತ್ತ ಒಂದು ಕಡೆ ಜೋಡಿಸುತ್ತ ಹೋದರು. ಬರಬರುತ್ತ ಕೈ ಚುರುಕಾಯಿತು. ಇಸ್ಪೀಟು ಹಂಚುವವರ ಹಾಗೆ ಪಟಪಟನೆ ಹಾಕತೊಡಗಿದರು. ಒಂದೂ ತಪ್ಪಲಿಲ್ಲ.

"ಬಣ್ಣ ಇರುವಾಗ ಮತ್ತೆ ಈ ಚಿತ್ರಗಳು ಯಾಕಮ್ಮ?" ಎಂದು ಕಾರ್ಯದರ್ಶಿ ಕೇಳಿದರು.

"ಅದು, ಈಗೆಲ್ಲ ಕಡೆ ಹಾಗೇ ಮಾಡ್ತಾರೆ..." ಎಂದು ಮಗಳು ತಡವರಿಸಿದಳು.

"ಸುಳ್ಳು," ಎಂದರು ಅಪ್ಪ. ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟರು. "ನನಗೋಸ್ಕರ ಮಾಡಿದ್ದಾಳೆ. ನನಗೆ ಕೆಂಪು ಹಸಿರು ಗೊತ್ತಾಗಲ್ಲ. ಹುಟ್ಟಿನಿಂದಲೂ."

ಒಳಗೆ ಅಮ್ಮ ತೊಳೆಯುತ್ತಿದ್ದ ಪಾತ್ರೆಯ ಸದ್ದು ನಿಂತಿತು.

"ಹಾಗಾದರೆ ಆ ವರ್ಷ..."

"ಆ ವರ್ಷವೂ ಅಷ್ಟೇ. ಹೇಳೋಕೆ ನಾಚಿಕೆಯಾಯ್ತು. ಆ ಹುಡುಗಿ ಅಷ್ಟು ಓಡಿದ್ದಳಪ್ಪ, ಎಲ್ಲ ನೀರಲ್ಲಿ ಹೋಮ ಮಾಡಿಬಿಟ್ಟೆ."

ಕಾರ್ಯದರ್ಶಿ ಬೋಳುತಲೆ ಸವರಿಕೊಂಡರು. "ಅಲ್ಲ ಸಾರ್, ನನ್ನ ಸೊಕ್ಕು ಇಳಿಸೋಕೆ ನೀವು ಬೇಕಂತಲೇ ಈರುಳ್ಳಿಗೆ ಕಳಿಸಿದ್ರಿ ಅಂತ ಇವತ್ತಿನವರೆಗೂ ಅಂದ್ಕೊಂಡಿದ್ನಲ್ಲ!"

ಅಪ್ಪ ನಕ್ಕರು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು ಕನ್ನಡಕ ತೆಗೆಯಬೇಕಾಯಿತು.

"ಭಾನುವಾರ ಗೇಟಲ್ಲಿ ಕಾರ್ಡು ನೋಡೋಕೆ ಒಬ್ಬರು ಬೇಕು ಸಾರ್," ಎಂದರು ಕಾರ್ಯದರ್ಶಿ. "ಗೇಟಿನವರೆಲ್ಲ ಹಸಿರು ಅಂಗಿ ಹಾಕಬೇಕು ಅಂತ ಮಾಡಿದ್ದೀವಿ. ನಿಮಗೆ ಮೊಣಕಾಲು ನೋವಿಲ್ಲದಿದ್ದರೆ..."

ಅಪ್ಪ ಎದ್ದು ಕೋಣೆಗೆ ಹೋದರು. ಮಗಳು ಕಾರ್ಯದರ್ಶಿಯ ಮುಖ ನೋಡಿದಳು. ಒಳಗೆ ಬೀರು ತೆರೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಪ್ಪ ಎರಡು ಕೈಯಲ್ಲಿ ಎರಡು ಅಂಗಿ ಹಿಡಿದು ಹೊರಗೆ ಬಂದು, ಎಲ್ಲರ ನಡುವೆ ನಿಂತು ಗಟ್ಟಿಯಾಗಿ ಕೂಗಿದರು.

"ಇವಳೇ, ಇದರಲ್ಲಿ ಹಸಿರು ಯಾವುದು?"

ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

"ಎಡಗೈಯಲ್ಲಿರೋದು," ಎಂದಳು.