ಒತ್ತೊರೀನೊನ ಕೊಲೆಗಾರ್ತಿ

ಶವಪೆಟ್ಟಿಗೆ ಮುಚ್ಚಲು ಬಂದವರನ್ನು ತಡೆದು ನೆರೀನಾ ಗಂಡನ ಟೈ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಒತ್ತೊರೀನೊ ಬದುಕಿದ್ದಾಗ ಒಂದು ದಿನವೂ ಟೈ ನೆಟ್ಟಗೆ ಕಟ್ಟಿದವನಲ್ಲ. ಸಿನಿಮಾಗಳನ್ನೂ ಹಾಗೇ ತೆಗೆದ. ಅವನ ಕೊಲೆ ಸಿನಿಮಾಗಳಲ್ಲಿ ಹೆಣಗಳು ಕಣ್ಣು ಮಿಟುಕಿಸುತ್ತಿದ್ದವು, ಲಂಡನ್ನಿನ ಬೀದಿಯಲ್ಲಿ ರೋಮಿನ ಟ್ರಾಮು ಓಡುತ್ತಿತ್ತು. ಜನ ಬಿದ್ದು ಬಿದ್ದು ನಗುತ್ತಿದ್ದರು. ಚಾಕು ಹೊರಬಂದರೆ ಮಾತ್ರ ಪಕ್ಕದವರ ತೋಳು ಹಿಡಿಯುತ್ತಿದ್ದರು.

ಹಜಾರದ ಸೋಫಾದಲ್ಲಿ ಅವನ ಹಳೆಯ ನಟರು ಕೂತಿದ್ದರು.

"ಆ ಕೊನೇ ಸಿನಿಮಾ ಮುಗಿದಿದ್ರೆ ನನ್ನ ಹೆಸರು ಉಳೀತಿತ್ತು," ಎಂದ, ಸದಾ ಡಾಕ್ಟರ ಪಾತ್ರ ಮಾಡುತ್ತಿದ್ದ ಗಲೆಯಾತ್ಸೊ. "ಅದ್ರಲ್ಲಿ ಕೊಲೆಗಾರ ನಾನೇ ತಾನೆ. ಗುಟ್ಟಾಗಿ ಹೇಳಿದ್ದ."

"ನಿಂಗೆ ಅರಳುಮರಳು ಕಣಯ್ಯ," ಎಂದಳು, ಪ್ರತಿ ಸಿನಿಮಾದಲ್ಲೂ ಬಚ್ಚಲಲ್ಲಿ ಸಾಯುತ್ತಿದ್ದ ಫಿಯಮ್ಮೆತ್ತಾ. "ಸತ್ತೂ ಸತ್ತೂ ಸಾಕಾಯ್ತು ಅಂದೆ. ಈ ಸಲ ಕೊಲ್ಲೋಳೇ ನೀನು ಅಂದ."

ನೆರೀನಾಳ ಕೈ ಟೈ ಮೇಲೆಯೇ ನಿಂತಿತು.

*

ಆ ಕೊನೆಯ ಸಿನಿಮಾ ತೆಗೆಯುವಾಗ ಹಣ ಹಾಕಿದವನು ಅರ್ಧದಲ್ಲೇ ನಾಪತ್ತೆಯಾಗಿದ್ದ. ಒಂದು ರಾತ್ರಿ ಚಿತ್ರೀಕರಣದ ಬಾಡಿಗೆ ಬಂಗಲೆಯ ಅಡುಗೆಮನೆಯಲ್ಲಿ ನೆರೀನಾ ಪಾತ್ರಗಳ ಉಡುಪಿಗೆ ಗುಂಡಿ ಹೊಲಿಯುತ್ತಿದ್ದಳು. ಬೆಳಗಾದರೆ ತವರಿಗೆ ಹೋಗುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಒತ್ತೊರೀನೊ ಒಳಗೆ ಬಂದು ಬಾಗಿಲು ಹಾಕಿದ.

"ಯಾರಿಗೂ ಹೇಳ್ಬೇಡ ಕಣೇ. ಕೊಲೆಗಾರ್ತಿ ನೀನೇ. ಮೂಲೇಲಿ ಕೂತು ಬಟ್ಟೆ ಹೊಲಿಯೋಳ ಮೇಲೆ ಯಾರಿಗೆ ಅನುಮಾನ ಬರುತ್ತೆ?"

ಅವಳು ತವರಿಗೆ ಹೋಗಲಿಲ್ಲ. ಕೊಲೆಗಾರ್ತಿ ಬಯಲಾಗುವ ಆ ಕೊನೆಯ ದೃಶ್ಯ ತೆಗೆಯಲೇ ಇಲ್ಲ. ಆದರೂ ಗುಟ್ಟನ್ನು ಇಷ್ಟು ವರ್ಷ ಒಡವೆಯ ಹಾಗೆ ಇಟ್ಟುಕೊಂಡಿದ್ದಳು. ಅವನು ತನ್ನೊಬ್ಬಳಿಗೇ ಕೊಟ್ಟದ್ದು ಅದೊಂದೇ ಎಂದು ನಂಬಿದ್ದಳು.

*

"ನಂಗೂ ಹೇಳಿದ್ದ," ಎಂದಳು ನೆರೀನಾ.

ಪ್ರಾರ್ಥನೆಗೆ ಬಂದಿದ್ದ ಪಾದ್ರಿ ಉಬಾಲ್ದೊ ಮೆಲ್ಲಗೆ ಕೆಮ್ಮಿದರು. "ಚಿತ್ರೀಕರಣಕ್ಕೆ ಇಗರ್ಜಿ ಬಿಟ್ಟುಕೊಡಿ ಅಂತ ನಿಮ್ಮ ಯಜಮಾನ್ರು ಬಂದಿದ್ರು. ಪಾದ್ರಿನೇ ಕೊಲೆಗಾರ, ನೀವೇ ಮಾಡ್ಬೇಕು ಅಂದ್ರು. ಎಷ್ಟೋ ದಿನ ಕನ್ನಡಿ ಮುಂದೆ ಹುಬ್ಬು ಗಂಟಿಕ್ಕಿ ನೋಡ್ಕೊಂಡೆ."

"ಕಳ್ಳ," ಎಂದು ನೆರೀನಾ ಗಂಡನ ಮುಖವನ್ನು ದುರುಗುಟ್ಟಿ ನೋಡಿದಳು. ಆದರೆ ಅಂದು ಬಿಡಿಗಾಸು ಕಾಣದಿದ್ದರೂ ಒಬ್ಬರೂ ಬಿಟ್ಟು ಹೋಗಿರಲಿಲ್ಲ. ಇವತ್ತು ಗಲೆಯಾತ್ಸೊ ಕೆಟ್ಟ ಮಂಡಿ ಎಳೆದುಕೊಂಡು ದೂರದ ತೊರೀನೊ ಊರಿನಿಂದ ಬಂದಿದ್ದ. ಪಾಪ, ಕೊಡಲು ಒತ್ತೊರೀನೊನ ಹತ್ತಿರ ಆ ಗುಟ್ಟು ಬಿಟ್ಟರೆ ಬೇರೆ ಏನಿತ್ತು? ಅವಳಿಗೆ ಅಳುವಿನ ಜೊತೆಗೇ ನಗು ಬಂತು.

"ಲಿಫ್ಟಲ್ಲಿ ಪೆಟ್ಟಿಗೆ ಹಿಡಿಸಲ್ಲಮ್ಮ, ಹೊರೋಕೆ ಇನ್ನೂ ಜನ ಬೇಕು," ಎಂದರು ಪೆಟ್ಟಿಗೆಯವರು.

"ಕೊಲೆಗಾರರು ಇಷ್ಟು ಜನ ಇದ್ದೀವಲ್ಲ," ಎಂದಳು ನೆರೀನಾ.

ಗಲೆಯಾತ್ಸೊ ಪೆಟ್ಟಿಗೆಯ ಮುಂದಿನ ಮೂಲೆಗೆ ನಡೆದ. ಅವಳು ಅವನ ತೋಳು ಹಿಡಿದು ಸರಿಸಿದಳು. "ನೀನು ಹಿಂದೆ ಹೋಗು. ಮುಂದೆ ನಾನು."

ಮೆಟ್ಟಿಲಿಳಿದು ಅಂಗಳಕ್ಕೆ ಬಂದಾಗ ಕಿಟಕಿಗಳಲ್ಲಿ ನಿಂತ ನೆರೆಹೊರೆಯವರು, ಸತ್ತವರನ್ನು ಬೀಳ್ಕೊಡುವ ಅಲ್ಲಿನ ವಾಡಿಕೆಯಂತೆ, ಚಪ್ಪಾಳೆ ತಟ್ಟಿದರು. ನೆರೀನಾ ಒಂದು ಗಳಿಗೆ ನಿಂತಳು. ಪೆಟ್ಟಿಗೆ ಹೊತ್ತ ಹೆಗಲು ಅಲುಗದಂತೆ, ಕಿಟಕಿಗಳ ಕಡೆ ನಟಿಯ ಹಾಗೆ ತಲೆಬಾಗಿ ವಂದಿಸಿದಳು.