ಕಪ್ಪೆ ಮಲಗಿದ್ದ ಕೊಳ

ಶಿಶುವಿಹಾರದ ನೆಲದ ಮೇಲೆ ಒಂದು ಕೊಳವಿತ್ತು. ಬರಿಗಣ್ಣಿಗೆ ಅದು ಕಪ್ಪು ಬಣ್ಣದ ಚಿತ್ರ ಅಷ್ಟೆ. ಮೊರದಗಲದ ಒಂದು ಸುತ್ತು, ಒಳಗೆ ನಾಲ್ಕು ಎಲೆ, ಒಂದಷ್ಟು ಗೆರೆ. ಟ್ಯಾಬನ್ನು ಅದರ ಮೇಲೆ ಹಿಡಿದರೆ ಸಾಕು, ಪರದೆಯೊಳಗೆ ನೆಲವೇ ಬಾಯ್ತೆರೆದು ನೀರು ತುಂಬಿಕೊಳ್ಳುತ್ತಿತ್ತು. ಗೊದಮೊಟ್ಟೆಗಳು ಬಾಲ ಆಡಿಸುತ್ತಿದ್ದವು. ಮಕ್ಕಳು ಪರದೆಯ ಮೇಲಿನ ಪ್ಲಾಸ್ಟಿಕ್ ಕವರೊಂದನ್ನು ಬೆರಳಿಂದ ನೀರಿಗೆ ತಳ್ಳಿದರೆ ಕೊಳ ಕಪ್ಪಗಾಗುತ್ತಿತ್ತು, ಹೆಕ್ಕಿ ತೆಗೆದರೆ ತಿಳಿಯಾಗುತ್ತಿತ್ತು. ಆಗ ಒಂದು ದನಿ ಬರುತ್ತಿತ್ತು: "ಮೆಲ್ಲಗೆ ಹೆಜ್ಜೆ ಇಡಿ," ಒಂದು ಸಣ್ಣ ಕೆಮ್ಮು, "ಕಪ್ಪೆ ಮಲಗಿದೆ."

ಆ ದನಿ ಅಲ್ಲಿ ಕಸ ಗುಡಿಸುವ ಆಯಾಳ ಮಗಳದು. ಮಗಳು ಅಲ್ಲೇ ಟೀಚರಾಗಿದ್ದಳು. ಚಿತ್ರ ಬಿಡಿಸಿದ್ದೂ ಅವಳೇ, ಪಾಠ ಕೂಡಿಸಿದ್ದೂ ಅವಳೇ. "ಅಮ್ಮಾ, ಮಧ್ಯ ಕೆಮ್ಮು ಬಂದ್ಬಿಡ್ತು, ಇನ್ನೊಂದ್ಸಲ ಹೇಳ್ಬೇಕು" ಎಂದಿದ್ದಳು. ಇನ್ನೊಂದು ಸಲ ಬರಲೇ ಇಲ್ಲ. ಆ ಕೆಮ್ಮೇ ಅವಳನ್ನು ಕೊಂಡುಹೋಗಿ ಎರಡು ವರ್ಷವಾಗಿತ್ತು.

ದಿನಾ ಕೊಳದ ಪಾಠದ ಹೊತ್ತಿಗೆ ಆಯಾ ಪೊರಕೆ ಹಿಡಿದು ಬಾಗಿಲ ಬಳಿ ನಿಲ್ಲುತ್ತಿದ್ದಳು. ಕೆಮ್ಮು ಕೇಳಿದೊಡನೆ, "ನೀರು ಕುಡಿಯೇ" ಎಂದು ತುಟಿಯೊಳಗೇ ಅನ್ನುತ್ತಿದ್ದಳು. ಆಮೇಲೆ ಗುಡಿಸಲು ಹೋಗುತ್ತಿದ್ದಳು.

ಒಂದು ದಿನ ಹೊಸ ಟೀಚರು ಟ್ಯಾಬನ್ನು ಅತ್ತಿತ್ತ ವಾಲಿಸಿ ನಿಟ್ಟುಸಿರಿಟ್ಟಳು. "ಗೆರೆ ಮಾಸಿಹೋಗಿದೆ ಆಯಾ. ಗುರುತು ಹಿಡಿಯೋಕೆ ಒದ್ದಾಡ್ತಿದೆ. ಅಳಿಸಿಬಿಡಿ, ಬೇರೆ ಪಾಠ ತರಿಸೋಣ."

"ಬಣ್ಣ ಮಾಸಿದ್ರೆ ಬಣ್ಣ ಬಳಿದ್ರಾಯ್ತಮ್ಮ, ಅಳಿಸೋದ್ಯಾಕೆ?" ಎಂದಳು ಆಯಾ. ಟೀಚರು ನಕ್ಕು ಮಕ್ಕಳ ಕಡೆ ತಿರುಗಿದಳು.

ಮಕ್ಕಳು ಮನೆಗೆ ಹೋದ ಮೇಲೆ ಆಯಾ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಮಂಡಿಯೂರಿದಳು. ಮಗಳ ಕೈ ಹೋದ ದಾರಿಯಲ್ಲೇ ಕುಂಚ ಆಡಿಸಿದಳು, ಉಸಿರು ಬಿಗಿಹಿಡಿದು, ಒಂದೊಂದೇ ಗೆರೆ. ಕೊನೆಯ ಎಲೆಗೆ ಬಂದಾಗ ಕೈ ನಿಂತಿತು. ಎಲೆಯ ಅಂಚು ಹುಳ ಕಚ್ಚಿದ ಹಾಗೆ ಹರಿದಿತ್ತು. ಪಾಪ, ಸುಸ್ತಾಗಿ ಅರ್ಧಕ್ಕೇ ಬಿಟ್ಟಿದೆ ಕೂಸು. ಮಗಳ ಹರಿದ ಲಂಗಕ್ಕೆ ಹೊಲಿಗೆ ಹಾಕುತ್ತಿದ್ದವಳು ಎಲೆಯನ್ನೂ ದುಂಡಗೆ ಮುಗಿಸಿದಳು. ಹಿಂದೆ ಸರಿದು ನೋಡಿದರೆ ಚಿತ್ರ ನಿನ್ನೆ ಬಿಡಿಸಿದಂತಿತ್ತು.

ಮರುದಿನ ಕೊಳ ಏಳಲಿಲ್ಲ.

ಟ್ಯಾಬ್ ರಿಪೇರಿಯವನು ಬಂದು ನೆಲವನ್ನೂ ಪರದೆಯನ್ನೂ ಬಹಳ ಹೊತ್ತು ನೋಡಿದ. "ಹಿಂದೆ ಬಂದಾಗ ಇಲ್ಲೊಂದು ಕಚ್ಚಿದ ಎಲೆ ಇತ್ತಲ್ಲ?"

"ಇತ್ತು. ನಾನೇ ಸರಿ ಮಾಡ್ದೆ."

"ಅಯ್ಯೋ ತಾಯಿ! ಆ ಕಚ್ಚು ನೋಡ್ಕೊಂಡೇ ಇದು ಕೊಳಾನ ಗುರುತು ಹಿಡೀತಿದ್ದದ್ದು. ನಾಲ್ಕೆಲೇನೂ ಒಂದೇ ಥರ ಇದ್ರೆ ಅದಕ್ಕೆ ತಲೆ ಯಾವುದು, ಕಾಲ್ಯಾವುದು ಗೊತ್ತಾಗಲ್ಲ. ಅದೇ ಕಚ್ಚು ಒಂಚೂರೂ ತಪ್ಪದೆ ಬೇಕು. ಹಳೇ ಫೋಟೋ ಏನಾದ್ರೂ ಇದ್ಯಾ?"

ಫೋಟೋಗಳಿದ್ದವು. ಎಲ್ಲದರಲ್ಲೂ ಆ ಎಲೆಯ ಮೇಲೆ ಯಾವುದೋ ಮಗುವಿನ ಕಾಲಿತ್ತು. ಆಯಾ ಚಾಕು ತಂದು ಹೊಸ ಬಣ್ಣ ಕೆರೆಯತೊಡಗಿದಳು. ಅದರ ಜೊತೆಗೆ ಮಗಳು ಬಳಿದ ಬಣ್ಣವೂ ಎದ್ದು ಬಂತು. ಅವನೇ ಅವಳ ಕೈಯಿಂದ ಚಾಕು ತೆಗೆದಿಟ್ಟ.

"ಕೊಳ ಹೋಗ್ಲಪ್ಪ. ದನಿ ಮಾತ್ರ ತೆಗೆದುಕೊಡೋಕಾಗಲ್ವಾ?"

"ಎರಡೂ ಒಂದೇ ಬೀಗದೊಳಗಿವೆ ತಾಯಿ. ಇದನ್ನ ನಡೆಸ್ತಿದ್ದ ಕಂಪನಿಯೂ ಮುಚ್ಚಿದೆ. ಆ ಚಿತ್ರಾನೇ ಬೀಗದ ಕೈ ಆಗಿತ್ತು."

ಆಯಾ ನೆಲದ ಮೇಲೆ ಉದುರಿದ ಕರಿ ಚೂರುಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಒತ್ತಿ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಪೊರಕೆ ಮುಟ್ಟಲಿಲ್ಲ.

ವಾರ ಕಳೆಯಿತು. ಗೋಡೆಯ ಮೇಲೆ ಹೊಸ ಪಾಠ ಬಂತು, ಅದರಲ್ಲಿ ಕಾಡಿತ್ತು, ಆನೆಯೂ ಇತ್ತು. ದನಿ ಚೊಕ್ಕವಾಗಿತ್ತು, ಒಂದೂ ಕೆಮ್ಮಿಲ್ಲ. ಆಯಾ ಬಾಗಿಲ ಬಳಿ ನಿಲ್ಲುವುದನ್ನು ಬಿಟ್ಟಳು.

ಒಂದು ಮಧ್ಯಾಹ್ನ ಅವಳು ಬಕೆಟ್ ಹಿಡಿದು ಒಳಗೆ ಬಂದಾಗ, ಎರಡು ಜಡೆಯ ಪುಟ್ಟಿಯೊಬ್ಬಳು ಕೆರೆದ ಗುರುತಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಆಯಾಳನ್ನು ಕಂಡು ಬೆರಳು ಎತ್ತಿದಳು.

"ಅಜ್ಜೀ, ಮೆಲ್ಲಗೆ ಹೆಜ್ಜೆ ಇಡಿ," ಗಂಟಲು ಕೆರೆದು ಸಣ್ಣಗೆ ಕೆಮ್ಮಿದಳು, "ಕಪ್ಪೆ ಮಲಗಿದೆ."

ಎಳೆತವೂ ಅದೇ, ಕೆಮ್ಮಿನ ಜಾಗವೂ ಅದೇ. ಆ ಮಗುವಿಗೆ ಕೆಮ್ಮೂ ಪಾಠದ ಒಂದು ಮಾತಾಗಿತ್ತು.

ಬಕೆಟ್ ಕೆಳಗಿಟ್ಟು ಆಯಾ ದಡಬಡಿಸಿ ಅಡುಗೆಕೋಣೆಗೆ ಹೋದಳು. ಲೋಟದ ತುಂಬ ನೀರು ತಂದು, ಎರಡೂ ಕೈಯಲ್ಲಿ ಹಿಡಿದು ಚಾಚಿದಳು.

"ಕುಡಿಯೇ ಮಗಳೇ."

ಪುಟ್ಟಿ ಲೋಟವನ್ನೂ ಅವಳ ಮುಖವನ್ನೂ ನೋಡಿದಳು.

"ನಂಗೆ ಬಾಯಾರಿಕೆ ಇಲ್ಲ ಅಜ್ಜಿ" ಎಂದಳು.